ವಿಪತ್ತಿನ ವಾರ್ತೆಯೂ ಪ್ರಶ್ನೆ ಕೇಳುವ ಯಂತ್ರವೂ

ಪ್ರವಾಹ, ಭೂಕಂಪ, ಗುಡ್ಡಕುಸಿತ ಮೊದಲಾದ ವಿಪತ್ತುಗಳು ಒದಗಿದಾಗ ಜನರಿಗೆ ಅನ್ನ, ವಸ್ತ್ರ, ಔಷಧಗಳು ಬೇಕಾಗುವುವೆಂಬುದು ಸರ್ವರಿಗೂ ತಿಳಿದ ವಿಷಯವಾಗಿದೆ. ಅವುಗಳಷ್ಟೇ ಅವಶ್ಯವಾದ, ಆದರೆ ಅವುಗಳಂತೆ ಮೂಟೆ ಕಟ್ಟಿ ಕಳುಹಿಸಲಾಗದ ಇನ್ನೊಂದು ವಸ್ತುವುಂಟು. ಅದು ನಂಬತಕ್ಕ ಸಮಾಚಾರ. ಯಾವ ಸೇತುವೆ ನಿಂತಿದೆ, ಯಾವುದು ಕೊಚ್ಚಿಹೋಗಿದೆ, ಯಾವ ಮನೆಯ ಮಾಳಿಗೆಯ ಮೇಲೆ ಎಷ್ಟು ಮಂದಿ ಕುಳಿತಿದ್ದಾರೆ, ಯಾವ ಕೇರಿಗೆ ದೋಣಿಯು ಆಗಲೇ ಹೋಗಿ ಬಂದಿದೆ ಎಂಬುದು ತಿಳಿಯದಿದ್ದರೆ ಸಹಾಯ ಮಾಡಬೇಕೆಂಬ ಸದ್ಭಾವವು ಕತ್ತಲೆಯಲ್ಲಿ ತಡಕಾಡುವ ಕೈಯಂತೆ ಆಗುತ್ತದೆ. ಈ ಸಮಾಚಾರವನ್ನು ಕೂಡಿಹಾಕುವ ಕೆಲಸಕ್ಕೆ ಈಚಿನ ಕೆಲವು ವರ್ಷಗಳಿಂದ ಚಾಟ್‌ಬಾಟ್ ಎಂಬ ಸಂಭಾಷಣೆಯ ಯಂತ್ರಗಳನ್ನು ನಿಯೋಜಿಸುತ್ತಿದ್ದಾರೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ವಿಷಯದಲ್ಲಿ ನಮಗೆ ತೋರಿದ ಕೆಲವು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ಇತರರಿಗೆ ಬುದ್ಧಿ ಹೇಳುವ ಮುಂಚೆ ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಲೇಸು. 2018ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಜರಿದು ಮಕ್ಕಂದೂರು, ಜೋಡುಪಾಲ ಮುಂತಾದ ಕಡೆಗಳಿಂದ ಜನರು ಉಟ್ಟ ಬಟ್ಟೆಯಲ್ಲಿಯೇ ಇಳಿದು ಬರುತ್ತಿದ್ದ ದಿನಗಳಲ್ಲಿ ನಮ್ಮ ಮೊಬೈಲಿಗೆ ಒಂದು ಸಂದೇಶವು ಬಂದಿತು. ಒಬ್ಬ ಗರ್ಭಿಣಿಯು ತೋಟದ ಮನೆಯೊಂದರಲ್ಲಿ ಸಿಕ್ಕಿಬಿದ್ದಿದ್ದಾಳೆ, ದಯಮಾಡಿ ಎಲ್ಲರಿಗೂ ಕಳುಹಿಸಿರಿ ಎಂದು ಅದರಲ್ಲಿ ಇತ್ತು. ಕೆಳಗೆ ಆಕೆಯ ಹೆಸರು, ಮನೆಯ ಗುರುತು, ದೂರವಾಣಿಯ ಸಂಖ್ಯೆ ಎಲ್ಲವೂ ಇದ್ದುವು. ತಾರೀಖು ಮಾತ್ರ ಇರಲಿಲ್ಲ. ನಾವು ಕಣ್ಣಲ್ಲಿ ನೀರು ತಂದುಕೊಂಡು ಅದನ್ನು ಹನ್ನೊಂದು ಮಂದಿಗೆ ಕಳುಹಿಸಿ, ಮಾಡಬೇಕಾದದ್ದನ್ನು ಮಾಡಿದೆವೆಂಬ ತೃಪ್ತಿಯಿಂದ ಮಲಗಿದೆವು. ನಮಗೆ ಆ ಸಂದೇಶವು ತಲುಪುವುದಕ್ಕೆ ಎರಡು ದಿನಗಳ ಮುಂಚೆಯೇ ಆ ಹೆಂಗಸನ್ನು ಹೊತ್ತುಕೊಂಡು ಬಂದು ಪರಿಹಾರ ಶಿಬಿರಕ್ಕೆ ಸೇರಿಸಿದ್ದರೆಂದೂ, ಸಂದೇಶವು ತಿರುಗಿ ತಿರುಗಿ ಬಂದುದರಿಂದ ಕೆಲವು ಯುವಕರು ಜಾರುತ್ತಿದ್ದ ಆ ದಾರಿಯನ್ನು ಮತ್ತೆರಡು ಸಾರಿ ವ್ಯರ್ಥವಾಗಿ ಹತ್ತಿಹೋದರೆಂದೂ ಆ ಕಡೆಯ ಪರಿಚಿತರೊಬ್ಬರಿಂದ ಆಮೇಲೆ ತಿಳಿಯಿತು. ಅವರಲ್ಲಿ ಯಾರ ಕಾಲಾದರೂ ತಪ್ಪಿದ್ದರೆ ಆ ಹನ್ನೊಂದು ಸಂದೇಶಗಳಿಗೆ ಯಾರು ಉತ್ತರ ಕೊಡಬೇಕಾಗಿತ್ತು? ಇದನ್ನು ಕಂಡವರು ಯಾರು, ಕಂಡದ್ದು ಯಾವಾಗ ಎಂಬೆರಡು ಪ್ರಶ್ನೆಗಳನ್ನು ನಾವು ಕೇಳಿರಲಿಲ್ಲ. ನಮ್ಮಿಂದ ಕೇಳಿಸುವವರೂ ಯಾರೂ ಇರಲಿಲ್ಲ.

ಗಾಳಿಮಾತು ನಮ್ಮ ಕಾಲದ ಸೃಷ್ಟಿಯಲ್ಲ. 1923ನೆಯ ಇಸವಿ ಸೆಪ್ಟೆಂಬರ್ 1ನೆಯ ತಾರೀಖು ಜಪಾನಿನ ಟೋಕಿಯೋ, ಯೊಕೊಹಾಮಾ ಪಟ್ಟಣಗಳನ್ನು ಹಾಳುಮಾಡಿದ ಭೂಕಂಪದಲ್ಲಿಯೂ ಅದರ ಹಿಂದೆಯೇ ಎದ್ದ ಬೆಂಕಿಯಲ್ಲಿಯೂ ಒಂದು ಲಕ್ಷಕ್ಕೆ ಮಿಕ್ಕಿ ಜನರು ಮಡಿದರು. ವೃತ್ತಪತ್ರಿಕೆಗಳು ನಿಂತುಹೋದುವು; ತಂತಿಯು ಕಡಿದುಹೋಯಿತು. ಆ ನಿಶ್ಶಬ್ದದೊಳಗೆ, ಕೊರಿಯಾದವರು ಬಾವಿಗಳಿಗೆ ವಿಷ ಹಾಕುತ್ತಿದ್ದಾರೆ, ಮನೆಗಳಿಗೆ ಬೆಂಕಿಯಿಡುತ್ತಿದ್ದಾರೆ ಎಂಬ ಸುಳ್ಳು ಬಾಯಿಂದ ಬಾಯಿಗೆ ಹಬ್ಬಿತು. ಭೂಕಂಪದಿಂದ ಬದುಕಿ ಉಳಿದಿದ್ದ ಸಾವಿರಾರು ಕೊರಿಯನರು ಬೀದಿಬೀದಿಗಳಲ್ಲಿ ಎದ್ದ ಕಾವಲುಗುಂಪುಗಳೇ ಮೊದಲಾದವರ ಕೈಯಿಂದ ಹತರಾದರು. ಅದೇ ದೇಶದಲ್ಲಿ 2016ನೆಯ ಏಪ್ರಿಲ್ ತಿಂಗಳು ಕುಮಾಮೊತೊ ಎಂಬಲ್ಲಿ ಭೂಮಿಯು ನಡುಗಿದ ರಾತ್ರಿ ಮೃಗಾಲಯದಿಂದ ಸಿಂಹವು ತಪ್ಪಿಸಿಕೊಂಡು ಬೀದಿಯಲ್ಲಿ ತಿರುಗುತ್ತಿದೆಯೆಂದು ಒಬ್ಬನು ಚಿತ್ರಸಹಿತವಾಗಿ ಟ್ವಿಟ್ಟರಿನಲ್ಲಿ ಪ್ರಕಟಿಸಿದನು. ಕೆಲವು ತಿಂಗಳ ಮೇಲೆ ಪೊಲೀಸರು ಅವನನ್ನು ಹಿಡಿದರು. ನಮ್ಮ ನೆರೆಯ ಚೆನ್ನೈ ನಗರವು 2015ರಲ್ಲಿ ಮುಳುಗಿದಾಗ ಅಲ್ಲಿನ ಮೊಸಳೆ ಉದ್ಯಾನದಿಂದ ಮೊಸಳೆಗಳು ಹೊರಬಿದ್ದಿವೆಯೆಂಬ ಸುದ್ದಿ ಹರಡಿ, ಹಾಗೇನೂ ಇಲ್ಲವೆಂದು ಉದ್ಯಾನದವರೇ ಹೇಳಬೇಕಾಯಿತು. 2018ರ ಕೇರಳದ ಪ್ರವಾಹದಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಒಡೆಯಿತೆಂಬ ಧ್ವನಿಸಂದೇಶವು, ಮೊದಲೇ ನೀರಿನಲ್ಲಿ ನಿಂತಿದ್ದ ಜನರ ಎದೆಯೊಡೆಯುವಂತೆ ಮಾಡಿತು. ತಿಳಿದುಕೊಳ್ಳಬೇಕೆಂಬ ಆತುರವು ಅತ್ಯಧಿಕವಾಗಿರುವ ಗಳಿಗೆಯಲ್ಲಿಯೇ ನಿಜವನ್ನು ಬಲ್ಲವರು ಅತ್ಯಲ್ಪವಾಗಿರುತ್ತಾರೆ. ಈ ಎಲ್ಲಾ ಸುದ್ದಿಗಳೂ ಹುಟ್ಟಿದ್ದು ಆ ಬಿರುಕಿನಲ್ಲಿ.

ಈಗ ಯಂತ್ರದ ಮಾತಿಗೆ ಬರುವೆವು. ಚಾಟ್‌ಬಾಟ್ ಎಂದಕೂಡಲೆ ನಮ್ಮ ಹುಡುಗಿಯರು, ಏನು ಕೇಳಿದರೂ ಉತ್ತರ ಕೊಡುವ ಒಂದು ಸರ್ವಜ್ಞ ಪದಾರ್ಥವನ್ನು ಮನಸ್ಸಿಗೆ ತಂದುಕೊಳ್ಳುತ್ತಾರೆ. ನಿಬಂಧದ ಪಾಠದ ದಿನ ಅದರ ಕೈಬರಹವನ್ನು ಗುರುತಿಸುವ ಅಭ್ಯಾಸವು ಉಪಾಧ್ಯಾಯಿನಿಯರಿಗೂ ಆಗಿಹೋಗಿದೆ. ಆದರೆ ವಿಪತ್ತಿನ ಕಾಲದಲ್ಲಿ ನಿಜವಾಗಿ ಪ್ರಯೋಜನಕ್ಕೆ ಬಂದ ಚಾಟ್‌ಬಾಟ್ ಉತ್ತರ ಕೊಡುವ ಜಾತಿಯದಲ್ಲ, ಪ್ರಶ್ನೆ ಕೇಳುವ ಜಾತಿಯದು. ಅದರ ಕಥೆಯು ಇಂಡೊನೇಷ್ಯಾ ದೇಶದ ಜಕಾರ್ತಾ ನಗರದಲ್ಲಿ ನಡೆದುದಾಗಿದೆ.

ಜಕಾರ್ತಾ ಸಮುದ್ರತೀರದ ತಗ್ಗುನೆಲದಲ್ಲಿ ಕುಳಿತಿರುವ ಮಹಾನಗರ. ಹದಿಮೂರು ನದಿಗಳು ಅದರ ಮೂಲಕ ಹರಿದು ಕಡಲಿಗೆ ಸೇರುತ್ತವೆ. ನೆಲದೊಳಗಿನ ನೀರನ್ನು ವರ್ಷಗಟ್ಟಲೆ ಸೇದಿದ್ದರಿಂದ ನಗರದ ನೆಲವೇ ಕುಸಿಯುತ್ತಾ ಬಂದು ಸುಮಾರು ಶೇಕಡಾ 40 ಭಾಗವು ಸಮುದ್ರದ ಮಟ್ಟಕ್ಕಿಂತ ಕೆಳಗಿದೆ. ಮಳೆಗಾಲದಲ್ಲಿ ನೀರು ನುಗ್ಗದ ವರ್ಷವೇ ಅಪರೂಪ. ಪ್ರವಾಹಕ್ಕೆ ಅವರ ಭಾಷೆಯಲ್ಲಿ ‘ಬಂಜಿರ್’ ಎಂದು ಹೆಸರು. ನೀರು ಬಂದೊಡನೆ ಅಲ್ಲಿಯ ಜನರು ಟ್ವಿಟ್ಟರಿನಲ್ಲಿ ‘ಬಂಜಿರ್, ಬಂಜಿರ್’ ಎಂದು ಕೂಗಿಕೊಳ್ಳುವುದನ್ನು ಆಸ್ಟ್ರೇಲಿಯಾದ ವೊಲೊಂಗಾಂಗ್ ವಿಶ್ವವಿದ್ಯಾಲಯದಲ್ಲಿದ್ದ ಎಟಿಯೆನ್ ಟರ್ಪಿನ್, ಥಾಮಸ್ ಹೋಲ್ಡರ್ನೆಸ್ ಎಂಬಿಬ್ಬರು ವಿದ್ವಾಂಸರು ಗಮನಿಸಿದರು. ಕೂಗು ಬಹಳವಿತ್ತು, ಅದರಲ್ಲಿ ಕೆಲಸಕ್ಕೆ ಬರುವ ವಾರ್ತೆ ಕಡಿಮೆಯಿತ್ತು. ಎಲ್ಲಿ, ಎಷ್ಟು ಆಳ, ಯಾವಾಗ ಎಂಬುದೊಂದೂ ಇಲ್ಲದೆ ಬರಿಯ ‘ಬಂಜಿರ್’ ಎಂದರೆ ದೋಣಿಯವನು ಯಾವ ಬೀದಿಗೆ ತಿರುಗಬೇಕು?

ಹೀಗಿರಲಾಗಿ 2014ನೆಯ ಇಸವಿಯ ಕಡೆಯಲ್ಲಿ ಜಕಾರ್ತಾ ನಗರದ ವಿಪತ್ತು ನಿರ್ವಹಣೆಯ ಕಚೇರಿಯೊಡನೆ ಕೂಡಿ ‘ಪೆತಾ ಜಕಾರ್ತಾ’, ಅಂದರೆ ಜಕಾರ್ತಾದ ನಕ್ಷೆ, ಎಂಬ ಏರ್ಪಾಡನ್ನು ಪ್ರಾರಂಭಿಸಿದರು. ಯಾರಾದರೂ ಪ್ರವಾಹದ ಮಾತೆತ್ತಿದೊಡನೆ ಯಂತ್ರವು ತಾನಾಗಿಯೇ ಅವರಿಗೆ ಮರುಮಾತು ಕಳುಹಿಸಿ, ನೀವು ಪ್ರವಾಹವನ್ನು ಕಾಣುತ್ತಿರುವಿರೋ, ಹಾಗಾದರೆ ನಿಂತಿರುವ ಸ್ಥಳವನ್ನು ತಿಳಿಸಿರಿ ಎಂದು ವಿನಯದಿಂದ ಕೇಳುತ್ತಿತ್ತು. ಈ ಏರ್ಪಾಡು ಮುಂದೆ ‘ಪೆತಾ ಬೆಂಚಾನಾ’, ಅಂದರೆ ವಿಪತ್ತಿನ ನಕ್ಷೆ, ಎಂಬ ಹೆಸರಿನಿಂದ ಇತರ ನಗರಗಳಿಗೂ ಹಬ್ಬಿತು. ಈಗಿನ ಕ್ರಮ ಹೀಗಿದೆ: ಯಂತ್ರವು ಒಂದು ಚೀಟಿಯನ್ನು ಕಳುಹಿಸುತ್ತದೆ, ಅದರಲ್ಲಿ ಸ್ಥಳವನ್ನು ಗುರುತಿಸಬೇಕು, ನೀರಿನ ಎತ್ತರವನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸಿ ತೋರಿಸಬೇಕು, ಸಾಧ್ಯವಾದರೆ ಒಂದು ಛಾಯಾಚಿತ್ರವನ್ನು ಕೂಡಿಸಬೇಕು, ಎರಡು ಮಾತು ಬರೆಯಬೇಕು. ಇಷ್ಟಾದರೆ ಆ ವರದಿಯು ಎಲ್ಲರೂ ನೋಡಬಹುದಾದ ನಕ್ಷೆಯ ಮೇಲೆ ಮೂಡುತ್ತದೆ. ಹೇಳಿದವರ ಹೆಸರು ಮೂಡುವುದಿಲ್ಲ. ಕಚೇರಿಯವರು ತಮ್ಮ ಪಾಲಿಗೆ ಕೇರಿಕೇರಿಗಳನ್ನು ನೀರಿನ ಆಳಕ್ಕೆ ತಕ್ಕಂತೆ ಬೇರೆ ಬೇರೆ ಬಣ್ಣಗಳಲ್ಲಿ ಗುರುತಿಸುತ್ತಾರೆ. ಹೊತ್ತು ಮೀರಿದ ವರದಿಯು ನಕ್ಷೆಯಿಂದ ತಾನಾಗಿಯೇ ಮರೆಯಾಗುತ್ತದೆ. ಈ ಕಡೆಯ ಗುಣವನ್ನು ಓದಿದಾಗ ನಮಗೆ ಕೊಡಗಿನ ಆ ಸಂದೇಶದ ನೆನಪಾಗಿ ನಾಚಿಕೆಯಾಯಿತೆಂದು ಹೇಳದಿರಲಾರೆವು.

2019ನೆಯ ಇಸವಿಯ ಕಡೆಯ ರಾತ್ರಿ ಜಕಾರ್ತಾದ ಹಲೀಮ್ ವಿಮಾನ ನಿಲ್ದಾಣದಲ್ಲಿ ಒಂದೇ ದಿನದೊಳಗೆ 377 ಮಿಲಿಮೀಟರ್ ಮಳೆ ಬಿದ್ದಿತು. ಬೆಂಗಳೂರಿಗೆ ಇಡೀ ವರ್ಷದಲ್ಲಿ ಸುಮಾರು 970 ಮಿಲಿಮೀಟರ್ ಬೀಳುವುದೆಂದರೆ ಆ ರಾತ್ರಿಯ ಭೀಕರತೆಯನ್ನು ಊಹಿಸಬಹುದು. 60ಕ್ಕೆ ಮಿಕ್ಕಿ ಜನರು ಪ್ರಾಣ ಕಳೆದುಕೊಂಡರು. ನಕ್ಷೆಯು ಅವರನ್ನು ಉಳಿಸಲಿಲ್ಲ. ಉಳಿಸುತ್ತದೆಂದು ಅದನ್ನು ಮಾಡಿದವರೂ ಹೇಳಿಲ್ಲ. ಆದರೆ ಹೊಸ ವರ್ಷದ ಮುಂಜಾನೆ ಆ ನಗರದ ಜನರು ಯಾವ ಬೀದಿಯಲ್ಲಿ ನಡೆಯಬಹುದು, ಯಾವುದರಲ್ಲಿ ಕೂಡದು ಎಂಬುದನ್ನು ಒಬ್ಬರಿಗೊಬ್ಬರು ತಿಳಿಸಿಕೊಂಡು, ಅಧಿಕಾರಿಗಳು ನೋಡುವ ನಕ್ಷೆಯನ್ನೇ ತಾವೂ ನೋಡುತ್ತಿದ್ದರೆಂಬುದು ಅಲ್ಪವಲ್ಲ.

ಈ ಯಂತ್ರದಲ್ಲಿ ನಮಗೆ ಹಿಡಿಸಿದ ಗುಣವೇನೆಂದರೆ, ಅದಕ್ಕೆ ಏನೂ ತಿಳಿಯದು, ತಿಳಿದಿದೆಯೆಂದು ನಟಿಸುವುದೂ ಇಲ್ಲ. ಕೇಳುವುದಷ್ಟೇ ಅದರ ವಿದ್ಯೆ. ಜಿಲ್ಲೆಯ ಕಚೇರಿಯ ದೂರವಾಣಿಯ ಮುಂದೆ ಕುಳಿತ ಗುಮಾಸ್ತನು ಎಷ್ಟೇ ದಕ್ಷನಾದರೂ ಏಕಕಾಲಕ್ಕೆ ಒಬ್ಬರ ಮಾತನ್ನು ಮಾತ್ರ ಕೇಳಬಲ್ಲನು. ನಡುರಾತ್ರಿಯ ಹೊತ್ತಿಗೆ ಅವನ ಗಂಟಲೂ ತಾಳ್ಮೆಯೂ ಒಣಗಿರುತ್ತವೆ. ಯಂತ್ರವು ಹತ್ತು ಸಾವಿರ ಮಂದಿಯನ್ನು ಒಂದೇ ಸಲ, ಒಂದೇ ಸ್ವರದಲ್ಲಿ, ಅದೇ ನಾಲ್ಕು ಪ್ರಶ್ನೆಗಳನ್ನು ಕೇಳುತ್ತದೆ. ಅಳುವವರನ್ನು ಗದರುವುದಿಲ್ಲ. ಅವರ ಅಳುವಿನಿಂದ ಮನಕರಗಿ, ನಾವು ಮಾಡಿದಂತೆ, ಪ್ರಶ್ನೆಯನ್ನು ಮರೆಯುವುದೂ ಇಲ್ಲ.

ಉತ್ತರ ಕೊಡುವ ಜಾತಿಯ ಯಂತ್ರದ ಮಾತು ಬೇರೆ. 2025ನೆಯ ಇಸವಿ ಜುಲೈ ತಿಂಗಳ ಕಡೆಯಲ್ಲಿ ರಷ್ಯಾದ ಕಮ್ಚಾಟ್ಕಾ ತೀರದಲ್ಲಿ 8.8 ಪ್ರಮಾಣದ ಭೂಕಂಪವಾಗಿ ಶಾಂತಸಾಗರದ ಸುತ್ತಲೂ ಸುನಾಮಿಯ ಎಚ್ಚರಿಕೆಯು ಹೊರಟಿತು. ಹವಾಯಿ ದ್ವೀಪಗಳಲ್ಲಿ ಜನರು ಎತ್ತರದ ಜಾಗಗಳಿಗೆ ಹೋಗುತ್ತಿದ್ದಾಗ, ಪ್ರಸಿದ್ಧವಾದ ಒಂದು ಚಾಟ್‌ಬಾಟ್, ಎಚ್ಚರಿಕೆಯು ಇನ್ನೂ ಜಾರಿಯಲ್ಲಿರುವಾಗಲೇ, ಅದು ರದ್ದಾಗಿದೆಯೆಂದು ಕೇಳಿದವರಿಗೆ ಹೇಳಿತು. ಆ ಸಲ ಅಲೆಯು ಅಲ್ಲಿ ಕರುಣೆ ತೋರಿತು. ಇಂಥ ತಪ್ಪು ಆಕಸ್ಮಿಕವೆಂದು ನಾವು ಭಾವಿಸುವುದಿಲ್ಲ. ಈ ಯಂತ್ರಗಳು ಹಿಂದೆ ಓದಿದ ಅಪಾರವಾದ ಬರಹದಿಂದ, ಯಾವ ಮಾತಿನ ಮುಂದೆ ಯಾವ ಮಾತು ಬರುವುದು ಸಹಜವೆಂದು ಎಣಿಸಿ ಉತ್ತರವನ್ನು ನೇಯುತ್ತವೆ. ಹೊಸ ಸುದ್ದಿಯನ್ನು ಹುಡುಕಿ ತಂದರೂ ಅದನ್ನು ಹಳೆಯದರೊಡನೆ ಬೆರಸಿಬಿಡುವುದುಂಟು. ವಿಪತ್ತಿನ ಮೊದಲ ಗಂಟೆಯ ವರ್ತಮಾನವಾದರೋ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಅದು ನೀರಿನಲ್ಲಿ ನಿಂತವಳ ಕಣ್ಣಿನಲ್ಲಿ ಮಾತ್ರ ಇರುತ್ತದೆ. ಓದಿದ್ದನ್ನು ಒಪ್ಪಿಸುವ ಯಂತ್ರಕ್ಕೆ ಅದು ದೊರಕುವುದೆಲ್ಲಿಂದ? 2020ನೆಯ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕವು ಹಬ್ಬಿದಾಗ ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ಭಾರತ ಸರ್ಕಾರವೂ ವಾಟ್ಸಾಪಿನಲ್ಲಿ ಏರ್ಪಡಿಸಿದ ಚಾಟ್‌ಬಾಟುಗಳು ಉತ್ತರ ಕೊಡುವಂಥವೇ ಆಗಿದ್ದುವು, ನಿಜ. ಆದರೆ ಆ ಉತ್ತರಗಳನ್ನು ತಿಳಿದವರು ಮೊದಲೇ ಬರೆದಿಟ್ಟಿದ್ದರು. ಯಂತ್ರವು ಅವನ್ನು ಎತ್ತಿಕೊಡುತ್ತಿತ್ತು ಅಷ್ಟೇ. ಅಂಥದಕ್ಕೆ ನಮ್ಮ ಆಕ್ಷೇಪಣೆಯಿಲ್ಲ.

ಕೇಳಿ ಪಡೆದ ವಾರ್ತೆಯೆಲ್ಲವೂ ನಿಜವಾಗಿರುವುದೋ ಎಂದು ವಾಚಕರು ಶಂಕಿಸಬಹುದು. ಇರುವುದಿಲ್ಲ. 2024ನೆಯ ಜನವರಿ 1ನೆಯ ತಾರೀಖು ಜಪಾನಿನ ನೋತೋ ಪ್ರದೇಶದಲ್ಲಿ ಭೂಕಂಪವಾದಾಗ, ಬಹಳ ಮಂದಿಯ ಕಣ್ಣಿಗೆ ಬಿದ್ದರೆ ಹಣ ಸಿಕ್ಕುವುದೆಂಬ ಆಸೆಯಿಂದ ದೂರದಲ್ಲಿ ಕುಳಿತವರು ಸಹ ನಾನು ಮನೆಯ ಕೆಳಗೆ ಸಿಕ್ಕಿಬಿದ್ದಿದ್ದೇನೆಂದು ಸುಳ್ಳು ವಿಳಾಸಗಳನ್ನು ಕೊಟ್ಟು ಬರೆದರು. ಇಂಥವರು ಯಂತ್ರದ ಚೀಟಿಯನ್ನೂ ಸುಳ್ಳಾಗಿ ತುಂಬಬಲ್ಲರು. ಅದೇ ದೇಶದ ಸರ್ಕಾರಿ ಸಂಶೋಧನಾಲಯವೊಂದು 2014ರಲ್ಲಿ ಹೊರಗೆ ತಂದ ‘ದಿಸಾನಾ’ ಎಂಬ ವ್ಯವಸ್ಥೆಯಲ್ಲಿ ಇದಕ್ಕೆ ಒಂದು ಉಪಾಯವಿತ್ತು. ಇಂಥ ಕಡೆ ಬೆಂಕಿ ಬಿದ್ದಿದೆಯೆಂದು ಒಬ್ಬನು ಬರೆದಿದ್ದರೆ, ಅಲ್ಲಿ ಬೆಂಕಿಯಿಲ್ಲವೆಂದು ಇನ್ನೊಬ್ಬನು ಬರೆದದ್ದನ್ನೂ ಅದು ಹುಡುಕಿ ಪಕ್ಕದಲ್ಲಿಯೇ ತೋರಿಸುತ್ತಿತ್ತು. ತೀರ್ಪನ್ನು ಮಾತ್ರ ತಾನು ಹೇಳುತ್ತಿರಲಿಲ್ಲ. ನಮಗೆ ಈ ನಡತೆಯು ಬಹಳ ಮರ್ಯಾದೆಯದೆಂದು ತೋರುತ್ತದೆ. ಎರಡು ಸಾಕ್ಷಿಗಳನ್ನು ಎದುರುಬದುರಾಗಿ ನಿಲ್ಲಿಸುವವರೆಗೆ ಯಂತ್ರದ ಕೆಲಸ. ಅಲ್ಲಿಂದ ಮುಂದೆ ಆ ಊರಿನ ದಾರಿಯನ್ನು ಕಾಲಿನಿಂದ ತುಳಿದು ಬಲ್ಲ ಒಬ್ಬ ಮನುಷ್ಯನು ಬೇಕು.

ನಮ್ಮ ಸೀಮೆಯ ಮಾತೆತ್ತಿದರೆ ಬೇರೆ ತೊಡಕುಗಳುಂಟು. ಚೆನ್ನೈಯಲ್ಲಿ 2017ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು ಜಕಾರ್ತಾದ ಮಾದರಿಯನ್ನೇ ತಂದು ಪ್ರಯತ್ನಿಸಿದರು. ಕರ್ನಾಟಕದಲ್ಲಿ ಹಾಗೆ ಮಾಡಬೇಕಾದರೆ ಯಂತ್ರವು ಮೊದಲು ನಮ್ಮ ಕನ್ನಡವನ್ನು ಕಲಿಯತಕ್ಕದ್ದು, ಪುಸ್ತಕದ ಕನ್ನಡವನ್ನಲ್ಲ. ಕೊಡಗಿನ ಹೆಂಗಸು ‘ಬರೆ ಕುಸಿಯಿತು’ ಎಂದರೆ ಮನೆಯ ಹಿಂದಿನ ಮಣ್ಣಿನ ದಿಣ್ಣೆ ಜರಿಯಿತೆಂದು ಅರ್ಥ. ಯಂತ್ರವು ಅದನ್ನು ಬರೆಯುವ ‘ಬರೆ’ಯೆಂದೋ, ಮೈಮೇಲೆ ಎಳೆಯುವ ‘ಬರೆ’ಯೆಂದೋ ತಿಳಿದರೆ ಗತಿಯೇನು? ದಕ್ಷಿಣ ಕನ್ನಡದವರ ‘ತೋಡು’ ತುಂಬಿ ಹರಿಯುವ ಹಳ್ಳ, ಮೈಸೂರಿನವರ ‘ತೋಡು’ ಅಗೆಯುವ ಕೆಲಸ. ನೀರಿನ ಆಳವನ್ನು ನಮ್ಮವರು ಸೆಂಟಿಮೀಟರಿನಲ್ಲಿ ಹೇಳುವುದಿಲ್ಲ. ಹರಡು ಮುಳುಗುವಷ್ಟು, ಮೊಣಕಾಲುದ್ದ, ಸೊಂಟದವರೆಗೆ, ಎದೆಮಟ್ಟ ಎಂದು ಹೇಳುತ್ತಾರೆ. ಇವು ಒಳ್ಳೆಯ ಅಳತೆಗಳೇ. ಅವನ್ನು ಬಿಡಿಸಿ ಸೆಂಟಿಮೀಟರನ್ನು ಕಲಿಸಹೋಗುವುದು ಮೂರ್ಖತನ. ತುಳು, ಕೊಡವ, ಅರೆಭಾಷೆ, ಎರವ ಭಾಷೆಗಳನ್ನಾಡುವವರ ಗೋಳನ್ನು ಕೇಳುವ ಕಿವಿಯೂ ಬೇಕು. ಅಕ್ಷರ ಬಾರದ ಅಜ್ಜಿಯು ಬಾಯಿಂದ ಹೇಳಿದರೆ ಸಾಕಾಗುವಂತೆಯೂ ಇರಬೇಕು.

ಎಷ್ಟೋ ಮನೆಗಳಲ್ಲಿ ಮೊಬೈಲು ಗಂಡಸರ ಜೇಬಿನಲ್ಲಿರುತ್ತದೆ. ನೀರು ಬಂದಾಗ ಮನೆಯಲ್ಲಿರುವವರು ಹೆಂಗಸರು, ಮಕ್ಕಳು, ಮುದುಕರು. ಇದನ್ನು ಯಂತ್ರವು ತಿದ್ದಲಾರದು. ಹೆಸರಿನ ವಿಷಯವೂ ಹಾಗೆಯೇ. ನಮ್ಮ ಕೈಗೆ ಬಂದ ಆ ಸಂದೇಶದಲ್ಲಿದ್ದ ದೂರವಾಣಿಯ ಸಂಖ್ಯೆಯು ಆ ಗರ್ಭಿಣಿಯದು. ನೀರು ಇಳಿದ ಮೇಲೆಯೂ ಗುರುತಿಲ್ಲದ ಗಂಡಸರು ತಿಂಗಳುಗಟ್ಟಲೆ ಅದಕ್ಕೆ ಕರೆಮಾಡುತ್ತಿದ್ದರಂತೆ. ಹೆಸರನ್ನೂ ಸಂಖ್ಯೆಯನ್ನೂ ದೋಣಿಯವನಿಗೆ ಮಾತ್ರ ಕೊಟ್ಟು ಲೋಕಕ್ಕೆ ಸ್ಥಳವನ್ನು ಮಾತ್ರ ತೋರಿಸುವ ಏರ್ಪಾಡಿಲ್ಲದಿದ್ದರೆ ನಮ್ಮ ಹುಡುಗಿಯರಿಗೆ ಅಂಥ ಯಂತ್ರದೊಡನೆ ಮಾತನಾಡಿರೆಂದು ನಾವು ಹೇಳುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ತೊಡಕು ಮೌನದ್ದು. 2024ನೆಯ ಜುಲೈ 30ನೆಯ ತಾರೀಖು ಬೆಳಗಿನ ಜಾವಕ್ಕೆ ಮುಂಚೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡವಿಳಿದಾಗ ಎರಡೂ ಊರುಗಳ ನಡುವಣ ಸೇತುವೆಯೇ ಕೊಚ್ಚಿಹೋಯಿತು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು 190 ಅಡಿಯ ಉಕ್ಕಿನ ಸೇತುವೆಯನ್ನು ಕಟ್ಟಿ ಮುಗಿಸಿದ್ದು ಆಗಸ್ಟ್ 1ರಂದು. ಮಣ್ಣಿನ ಕೆಳಗೆ ಹೋದ ಮೊಬೈಲು ಯಾವ ಪ್ರಶ್ನೆಗೂ ಉತ್ತರ ಕೊಡುವುದಿಲ್ಲ. ನಕ್ಷೆಯ ಮೇಲೆ ವರದಿಗಳು ಕಿಕ್ಕಿರಿದ ಕಡೆ ಜನರು ಬದುಕಿದ್ದಾರೆ, ಕೈಯಲ್ಲಿ ಮೊಬೈಲಿದೆ, ವಿದ್ಯುತ್ತೂ ಇದೆಯೆಂದು ಅರ್ಥ. ಮಳೆ ಸುರಿದೂ ಒಂದು ಚುಕ್ಕೆಯೂ ಮೂಡದ ಕಡೆಗೇ ಮೊದಲು ಆಳನ್ನು ಓಡಿಸಬೇಕು. ಕಿಕ್ಕಿರಿದ ಚುಕ್ಕೆಗಳನ್ನು ನೋಡಿ ಅಲ್ಲಿಯೇ ಕಷ್ಟವೆಲ್ಲವಿದೆಯೆಂದು ತಿಳಿಯುವ ಅಧಿಕಾರಿಗೆ ಈ ಯಂತ್ರವು ಸಹಾಯಕ್ಕಿಂತ ಹೆಚ್ಚಾಗಿ ಹಾನಿಯನ್ನೇ ಮಾಡೀತು.

ಇಷ್ಟೆಲ್ಲಾ ಇದ್ದರೂ ನಮ್ಮ ಜಿಲ್ಲೆಗಳ 1077 ಸಂಖ್ಯೆಯ ದೂರವಾಣಿಯ ಪಕ್ಕದಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳುವ ಯಂತ್ರವೊಂದು ಇರಬೇಕೆಂಬುದೇ ನಮ್ಮ ಅಭಿಪ್ರಾಯ. ಅದಕ್ಕೆ ವಾಕ್ಚಾತುರ್ಯ ಬೇಡ. ಎಲ್ಲಿ, ಯಾವಾಗ, ಎಷ್ಟು, ಕಣ್ಣಾರೆ ಕಂಡಿರೋ ಕೇಳಿದಿರೋ ಎಂಬಿಷ್ಟನ್ನು ಕೇಳಿದರೆ ಸಾಕು. ಕಡೆಯ ಪ್ರಶ್ನೆಯು ಜಕಾರ್ತಾದವರ ಚೀಟಿಯಲ್ಲಿ ಇದೆಯೋ ಇಲ್ಲವೋ, ನಮ್ಮದರಲ್ಲಿ ಮಾತ್ರ ಇರಲೇಬೇಕು.

ಆದರೆ ಪ್ರಶ್ನೆಗೆ ಉತ್ತರ ಕೊಡುವವರು ನಾವೇ. ಕಳೆದ ಮಳೆಗಾಲದಲ್ಲಿ ಒಂದು ದಿನ, ರಜೆ ಕೊಡುವರೋ ಇಲ್ಲವೋ ಎಂದು ಹುಡುಗಿಯರು ಕಿಟಕಿಯ ಕಡೆಗೇ ನೋಡುತ್ತಿದ್ದಾಗ, ಒಂಬತ್ತನೆಯ ತರಗತಿಯವರಿಗೆ ನಿಬಂಧದ ಬದಲು ಶಾಲೆಯ ಹಿಂದಿನ ಕಾಲುವೆಯ ನೀರಿನ ವಿಷಯವಾಗಿ, ಬೆಳಿಗ್ಗೆ ಬರುವಾಗ ತಾವು ಕಂಡದ್ದನ್ನು ಮಾತ್ರ ನಾಲ್ಕು ಸಾಲುಗಳಲ್ಲಿ ಬರೆಯಿರಿ ಎಂದು ಹೇಳಿದೆವು. ಹೆಚ್ಚಿನವರು ಆಕಾಶವೇ ಬಾಯ್ದೆರೆಯಿತೆಂದೂ ವರುಣನ ರೌದ್ರಾವತಾರವೆಂದೂ ಬರೆದರು. ಅಂಥ ಭಾಷೆಯನ್ನು ಕಲಿಸಿದವರು ನಾವೇ ಆದುದರಿಂದ ಅವರನ್ನು ದೂರುವಂತಿಲ್ಲ. ಇಬ್ಬರು, ಪೇಟೆಯ ಸೇತುವೆ ಮುರಿದಿದೆಯೆಂದು ಬರೆದರು, ಅದು ಮುರಿದಿರಲಿಲ್ಲ. ಹಿಂದಿನ ಬೆಂಚಿನ ಒಬ್ಬಳು, ನಿಬಂಧಕ್ಕೆ ಎಂದೂ ಒಳ್ಳೆಯ ಅಂಕ ಪಡೆಯದವಳು, ಹೀಗೆ ಬರೆದಿದ್ದಳು: ‘ಬೆಳಿಗ್ಗೆ 8 ಗಂಟೆ 10 ನಿಮಿಷ. ಅಡಿಗೆಮನೆಯ ಹಿಂದಿನ ಕಾಲುವೆ. ನೀರು ಕೆಳಗಿನಿಂದ ಮೂರನೆಯ ಮೆಟ್ಟಿಲನ್ನು ಮುಚ್ಚಿದೆ, ನಾಲ್ಕನೆಯದು ಕಾಣುತ್ತದೆ. ಗೇಟಿನ ಆಚೆ ಏನಾಗಿದೆಯೋ ನಾನು ಹೋಗಿ ನೋಡಿಲ್ಲ.’

ಬರುವ ಮಳೆಗಾಲದಲ್ಲಿ ಇದೇ ಪಾಠವನ್ನು ಎಂಟನೆಯ ತರಗತಿಯಲ್ಲಿಯೂ ನಡೆಸಬೇಕೆಂದಿದ್ದೇವೆ.